ಸಿಂಗಿಂಗ್ ಶೋ ಟಿಆರ್‌ಪಿ ಓದೋದು ಹೇಗೆ? ಪ್ರೋಮೋ ತಂದ ನಂಬರ್ ಯಾವ್ದು, ಹಾಡು ತಂದ ನಂಬರ್ ಯಾವ್ದು

ಗುರುವಾರ ಟಿಆರ್‌ಪಿ ಬಂತು ಅಂದ್ರೆ ಜೀ ಕನ್ನಡ ಕಡೆಯವ್ರು, ಕಲರ್ಸ್ ಕಡೆಯವ್ರು ಇಬ್ರೂ ನಂಬರ್ ಹಿಡ್ಕೊಂಡು ಜಗಳಕ್ಕೆ ನಿಲ್ತಾರೆ, ನಮ್ ಶೋ ಚೆನ್ನಾಗಿದೆ ಅದಕ್ಕೇ ಗೆದ್ವಿ ಅಂತ ಇವ್ರು, ನಿಮ್ದು ಬರೀ ಪ್ರೋಮೋ ಬಿಲ್ಡಪ್ಪು ಅಂತ ಅವ್ರು. ಎರಡು ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇರತ್ತೆ. ನಂಬರ್‌ನಲ್ಲಿ ಪ್ರಚಾರದ ಪಾಲೆಷ್ಟು, ಶೋ ಗುಣಮಟ್ಟದ ಪಾಲೆಷ್ಟು ಅಂತ ಮನೇಲೇ ಕೂತು ಒಂದು ಅಂದಾಜಿಗೆ ಬರ್ಬೋದು, ಆದ್ರೆ ಒಂದೇ ವಾರದ ಲಿಸ್ಟ್ ನೋಡಿ ತೀರ್ಪು ಕೊಡೋದನ್ನ ಮೊದಲು ಬಿಡ್ಬೇಕು.

ಮೊದಲು ಈ ನಂಬರ್ ಹೇಗೆ ಹುಟ್ಟತ್ತೆ ತಿಳ್ಕೊಳ್ಳಿ. 2015ರಿಂದ ಇದನ್ನ ಲೆಕ್ಕ ಹಾಕಿ ಕೊಡ್ತಿರೋದು ಬಾರ್ಕ್ ಸಂಸ್ಥೆ. ದೇಶಪೂರ್ತಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದಾರೆ, ಚಾನೆಲ್‌ನವ್ರು ಆಡಿಯೋ ಒಳಗೆ ನಮ್ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರ್ತಾರೆ, ಮೀಟರ್ ಅದನ್ನ ಹಿಡ್ಕೊಂಡು ಯಾವ ಚಾನೆಲ್ ಅಂತ ಗುರುತಿಸತ್ತೆ. ಮನೇಲಿ ಒಬ್ಬೊಬ್ರಿಗೂ ಒಂದೊಂದು ಬಟನ್ ಇರತ್ತೆ, ಅಜ್ಜಿ ಬಂದು ಕೂತ್ರೆ ಅಜ್ಜಿ ಬಟನ್ ಒತ್ಬೇಕು, ಒಗ್ಗರಣೆ ಹಾಕೋಕೆ ಎದ್ದು ಹೋದ್ರೆ ಮತ್ತೆ ಒತ್ತಿ ಹೋಗ್ಬೇಕು. ಅಂದ್ರೆ ಎಷ್ಟ್ ಜನ ನೋಡಿದ್ರು ಅನ್ನೋದಷ್ಟೇ ಅಲ್ಲ, ಎಷ್ಟ್ ಹೊತ್ತು ಕೂತಿದ್ರು ಅನ್ನೋದೂ ಲೆಕ್ಕಕ್ಕೆ ಬರತ್ತೆ.

ಇಡೀ ವಿಷಯದ ಕೀಲಿ ಇಲ್ಲೇ ಇರೋದು. ಉದಾಹರಣೆಗೆ ನಾನೇ ಹಾಕಿರೋ ಒಂದು ಲೆಕ್ಕ ನೋಡಿ. ಎರಡು ಶೋ, ಎರಡೂ 90 ನಿಮಿಷ. ಮೊದಲನೇದನ್ನ 30 ಲಕ್ಷ ಜನ ಹಾಕಿದ್ರು, ಆದ್ರೆ ಸರಾಸರಿ 20 ನಿಮಿಷ ನೋಡಿ ಚಾನೆಲ್ ಬದಲಾಯಿಸಿದ್ರು. ಎರಡನೇದನ್ನ ಹಾಕಿದ್ದು 15 ಲಕ್ಷ ಜನ ಅಷ್ಟೇ, ಆದ್ರೆ 45 ನಿಮಿಷ ಕೂತ್ರು. ಜನ ಇಂಟು ನಿಮಿಷ ಮಾಡಿ 90ರಿಂದ ಭಾಗಿಸಿದ್ರೆ ಮೊದಲನೇದಕ್ಕೆ ಸುಮಾರು 6.7 ಲಕ್ಷ, ಎರಡನೇದಕ್ಕೆ 7.5 ಲಕ್ಷ, ಅಂದ್ರೆ ಅರ್ಧ ಜನ ಇಟ್ಕೊಂಡೇ ಎರಡನೇದು ಗೆದ್ಬಿಡ್ತು. ಜನರನ್ನ ಟಿವಿ ಮುಂದೆ ಕರ್ಕೊಂಡು ಬರೋದು ಪ್ರಚಾರ, ಅವ್ರನ್ನ ಎದ್ದು ಹೋಗದ ಹಾಗೆ ಕೂರಿಸೋದು ಹಾಡು.

ಇನ್ನು ತಾರೀಖು, ಇಲ್ಲಿ ತುಂಬಾ ಜನ ಎಡವ್ತಾರೆ. ಬಾರ್ಕ್ ವಾರ ಶನಿವಾರ ಶುರುವಾಗಿ ಶುಕ್ರವಾರ ಮುಗಿಯತ್ತೆ, ಲೆಕ್ಕ ಹೊರಗೆ ಬರೋದು ಅದಾದ್ಮೇಲಿನ ಗುರುವಾರ. ನಮ್ ಸಿಂಗಿಂಗ್ ಶೋಗಳು ಬರೋದು ಶನಿವಾರ ಭಾನುವಾರ, ಹಾಗಾಗಿ 1ನೇ ತಾರೀಖು ಶನಿವಾರದ ಎಪಿಸೋಡ್‌ಗೆ ನಂಬರ್ ಸಿಗೋದು 13ಕ್ಕೆ, ಅಷ್ಟರಲ್ಲಿ ಮುಂದಿನ ವೀಕೆಂಡ್ ಎಪಿಸೋಡ್‌ಗಳೂ ಮುಗ್ದಿರತ್ತೆ. ನಿನ್ನೆ ಮೊನ್ನೆ ನೋಡಿದ ಒಂದು ಅದ್ಭುತ ರೌಂಡ್‌ಗೂ ಈ ಗುರುವಾರದ ನಂಬರ್‌ಗೂ ಸಂಬಂಧ ಹಚ್ಬೇಡಿ, ಒಂದು ನೋಟ್‌ಬುಕ್‌ನಲ್ಲಿ ಎಪಿಸೋಡ್ ತಾರೀಖು, ರೌಂಡ್ ಹೆಸರು, ಪಕ್ಕದಲ್ಲಿ ನಂಬರ್ ಅಂತ ಬರ್ಕೊಂಡ್ರೆ ಗೊಂದಲ ಇರಲ್ಲ.

ಬರ್ಕೊಂಡ್ಮೇಲೆ ಗ್ರ್ಯಾಂಡ್ ಓಪನಿಂಗ್ ಇರೋ ಮೊದಲ ಎರಡು ವಾರ ಪಕ್ಕಕ್ಕಿಡಿ. ಅದು ಹೆಚ್ಚುಕಮ್ಮಿ ಪೂರ್ತಿ ಪ್ರಚಾರದ ನಂಬರ್. 2021ರಲ್ಲಿ ಕಲರ್ಸ್ ಕನ್ನಡ 'ಎದೆ ತುಂಬಿ ಹಾಡುವೆನು' ಮತ್ತೆ ತಂದಾಗ ಆ ಹೆಸರೇ ದೊಡ್ಡ ಪ್ರಚಾರ, ಈ ಚಾನೆಲ್ ಈಟಿವಿ ಕನ್ನಡ ಆಗಿದ್ದ ಕಾಲದಲ್ಲಿ ಎಸ್‌ಪಿಬಿ ನಡೆಸಿಕೊಡ್ತಿದ್ದ ಶೋ, ಅವ್ರು ತೀರ್ಕೊಂಡು ಒಂದು ವರ್ಷವೂ ಆಗಿರ್ಲಿಲ್ಲ, ಜೊತೆಗೆ ಸರಿಗಮಪದಲ್ಲಿ ಜಡ್ಜ್ ಆಗಿದ್ದ ರಾಜೇಶ್ ಕೃಷ್ಣನ್ ಇಲ್ಲಿ ಕೂತಿದ್ರು. ಅಂಥ ಶೋ ಶುರುವಾದಾಗ ಎಸ್‌ಪಿಬಿ ಮೇಲಿನ ಪ್ರೀತಿಗೇ ಎಷ್ಟೋ ಜನ ಟಿವಿ ಹಾಕ್ತಾರೆ, ಅದು ಹೊಸ ಹುಡುಗ್ರು ಹುಡುಗೀರ ಗಾಯನಕ್ಕೆ ಬಿದ್ದ ಮಾರ್ಕ್ಸ್ ಅಲ್ಲ.

ನೋಡ್ಬೇಕಾಗಿರೋದು ಆಡಿಷನ್ ಮುಗಿದ್ಮೇಲೆ ನಂಬರ್ ಎಷ್ಟು ಬಿತ್ತು ಅಂತ. ಇದಕ್ಕೆ ಬ್ರಿಟನ್‌ನಷ್ಟು ಒಳ್ಳೆ ಪಾಠ ಬೇರೆ ಇಲ್ಲ. 2012ರ ಮಾರ್ಚ್ 24ರಂದು ಬಿಬಿಸಿಯ 'ದಿ ವಾಯ್ಸ್' ಶುರುವಾಯ್ತು, ಅದೇ ದಿನ ಐಟಿವಿಯಲ್ಲಿ 'ಬ್ರಿಟನ್ಸ್ ಗಾಟ್ ಟ್ಯಾಲೆಂಟ್' ಹೊಸ ಸೀಸನ್. ಜಡ್ಜ್‌ಗಳು ಬೆನ್ನು ಹಾಕಿ ಕೂತು, ಮುಖ ನೋಡದೆ, ಹಾಡು ಇಷ್ಟ ಆದ್ರೆ ಕುರ್ಚಿ ತಿರುಗಿಸೋ ಬ್ಲೈಂಡ್ ಆಡಿಷನ್ ಹೊಸದು, ಪ್ರಚಾರನೂ ಜೋರಿತ್ತು, ವಾಯ್ಸ್ ಮುಂದೆ ಓಡ್ತು. ಕುರ್ಚಿ ತಿರುಗೋದು ಮುಗಿದು ಲೈವ್ ಶೋ ಬಂದಾಗ ಅದು ಮಾಮೂಲಿ ಹಾಡಿನ ಸ್ಪರ್ಧೆ ಥರ ಆಯ್ತು, ಜನ ಇಳೀತಾ ಹೋದ್ರು, ಐಟಿವಿ ಶೋ ಮೇಲೆ ಬಂತು. ಪ್ರಚಾರ ಮಾಡಿದ್ದು ಕುರ್ಚಿಯನ್ನ, ಕುರ್ಚಿ ಹೋದ್ಮೇಲೆ ನೋಡೋಕೆ ಏನೋ ಒಂದು ಇರ್ಬೇಕಲ್ಲ!

ಚಾನೆಲ್ ಯಾವ್ದು ಅನ್ನೋದನ್ನೂ ಮರೀಬೇಡಿ. ಸಾಧು ಕೋಕಿಲ, ಅರ್ಚನಾ ಉಡುಪ, ಚಂದನ್ ಶೆಟ್ಟಿ ಜಡ್ಜ್ ಆಗಿದ್ದ 'ಕನ್ನಡ ಕೋಗಿಲೆ' ಬಂದಿದ್ದು ಕಲರ್ಸ್ ಸೂಪರ್‌ನಲ್ಲಿ, ಅದು ಕಲರ್ಸ್ ಗುಂಪಿನ ಎರಡನೇ ಕನ್ನಡ ಚಾನೆಲ್. ಅದರ ನಂಬರ್ ತಂದು ಜೀ ಕನ್ನಡದ ಸರಿಗಮಪ ಪಕ್ಕ ಇಟ್ಟು ನೋಡಿ ಗುಣಮಟ್ಟ ಕಮ್ಮಿ ಅನ್ನೋದು ನನ್ ಪ್ರಕಾರ ಅನ್ಯಾಯ. ಹೋಲಿಸೋದಾದ್ರೆ ಆ ಚಾನೆಲ್‌ನದೇ ಬೇರೆ ಶೋ ಜೊತೆ ಹೋಲಿಸಿ. ಎದುರಿಗೆ ಐಪಿಎಲ್ ಇತ್ತಾ, ಸುದೀಪ್ ಬರೋ ಬಿಗ್ ಬಾಸ್ ವೀಕೆಂಡ್ ಎಪಿಸೋಡ್ ಇತ್ತಾ, ಹಬ್ಬ ಇತ್ತಾ, ಅದನ್ನೂ ನೋಟ್‌ಬುಕ್‌ಗೆ ಹಾಕಿ.

ಗುಣಮಟ್ಟ ಅಳೆಯೋಕೆ ನಾನು ಹೇಳೋದು ಒಂದು ಸಣ್ಣ ಕೆಲಸ. ವಾರಪೂರ್ತಿ ಓಡೋ 30 ಸೆಕೆಂಡ್ ಪ್ರೋಮೋ ನೋಡ್ಕೊಳ್ಳಿ: ಜಡ್ಜ್ ಎದ್ದು ನಿಲ್ತಾರೆ, ಅಮ್ಮ ಸೆರಗಲ್ಲಿ ಕಣ್ಣು ಒರೆಸ್ಕೋತಾರೆ, ಮ್ಯೂಸಿಕ್ ಕಟ್. ಆಮೇಲೆ ಎಪಿಸೋಡ್‌ನಲ್ಲಿ ಆ ಕ್ಷಣ ಎಷ್ಟನೇ ನಿಮಿಷಕ್ಕೆ ಬಂತು ಗುರುತು ಹಾಕಿ, ಒಟ್ಟು ಹಾಡಿದ್ದೆಷ್ಟು ನಿಮಿಷ, ಮಾತು, ತಮಾಷೆ, ಕಣ್ಣೀರು ಎಷ್ಟು ನಿಮಿಷ ಅಂತ ಫೋನ್ ಸ್ಟಾಪ್‌ವಾಚ್ ಇಟ್ಟು ನೋಡಿ. ಪ್ರೋಮೋ ಕ್ಷಣವನ್ನ ಕೊನೇವರೆಗೂ ಎಳ್ದು, ಮಧ್ಯದಲ್ಲಿ ಪೂರ್ತಿ ಒಂದು ಚರಣನೂ ಹಾಡಿಸದೆ ಇದ್ರೆ ಆ ವಾರ ನಂಬರ್ ಬಂದ್ರೂ ಮುಂದೆ ನೋಡೋರ ತಾಳ್ಮೆ ಕರಗ್ತಾ ಹೋಗತ್ತೆ. ಬೆಳಗಾವಿಯಿಂದನೋ ಕೊಪ್ಪಳದಿಂದನೋ ವರ್ಷಗಟ್ಟಲೆ ಅಭ್ಯಾಸ ಮಾಡಿ ಬಂದ ಮಗುಗೆ ಸಿಗೋದೇ ಮೂರು ನಾಲ್ಕು ನಿಮಿಷ, ಅದನ್ನೂ ಕತ್ತರಿಸ್ತಾರೆ ಅಂದ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ಕೆಲವೊಮ್ಮೆ ಎರಡನ್ನೂ ಬಿಡಿಸೋಕೇ ಆಗಲ್ಲ. ಸರಿಗಮಪ ಸೀಸನ್ 15ರಲ್ಲಿ ಹಾವೇರಿ ಕಡೆಯ ಕುರಿಗಾಹಿ ಹನುಮಂತ ಬಂದಾಗ ಅವ್ರ ಬದುಕಿನ ಕಥೆನೇ ಪ್ರೋಮೋ ಆಯ್ತು, ಆದ್ರೆ ಆ ತೆರೆದ ಜಾನಪದ ಕಂಠ ಇಲ್ದಿದ್ರೆ ಕಥೆ ಒಂದೆರಡು ವಾರಕ್ಕೆ ಹಳಸ್ತಿತ್ತು, ಅವ್ರು ರನ್ನರ್ ಅಪ್ ಆಗೋವರೆಗೂ ಜನ ಜೊತೆಗಿದ್ರು. ಇಂಥ ಕಡೆ ಪ್ರಚಾರ ಇಷ್ಟು, ಹಾಡು ಇಷ್ಟು ಅಂತ ಪರ್ಸೆಂಟ್ ಹಾಕೋಕೆ ಹೋಗ್ಬೇಡಿ.

ಯೂಟ್ಯೂಬ್ ವ್ಯೂಸ್‌ನ ಟಿಆರ್‌ಪಿ ಜೊತೆ ಕೂಡಿಸ್ಬೇಡಿ, ಫೋನಲ್ಲಿ ಕ್ಲಿಪ್ ನೋಡಿದ್ದು ಟಿವಿ ಲೆಕ್ಕಕ್ಕೆ ಸೇರಲ್ಲ. ಫಿನಾಲೆ ನಂಬರ್‌ನೂ ಓಪನಿಂಗ್ ಥರ ಬೇರೆ ಇಡಿ, ಯಾಕಂದ್ರೆ ಸೀಸನ್ ಪೂರ್ತಿ ನೋಡದವ್ರೂ ಅವತ್ತು ಯಾರು ಗೆದ್ರು ನೋಡೋಕೆ ಬರ್ತಾರೆ. ಉಳಿಯೋದು ಮಧ್ಯದ ವಾರಗಳು. ಎರಡು ಶೋಗಳದ್ದೂ ಆ ಮಧ್ಯದ ನಂಬರ್‌ನ ಅವುಗಳ ಓಪನಿಂಗ್ ನಂಬರ್‌ನಿಂದ ಭಾಗಿಸಿ, ಯಾರು ಹೆಚ್ಚು ಪಾಲು ಉಳಿಸ್ಕೊಂಡಿದಾರೆ ಅಂತ ನೋಡಿ, ಮುಂದಿನ ಗುರುವಾರ ಜಗಳ ಶುರುವಾದ್ರೆ ಆ ನಂಬರ್ ಇಟ್ಕೊಂಡು ಮಾತಾಡಿ.