ಕೊಡಗಿನ ಬರೆಯಲ್ಲಿ ಮದ್ದಿಡುವ ಮುನ್ನ: ನನ್ನ ಅನುಭವ

ಕೊಡಗಿನಲ್ಲಿ ‘ಢಂ’ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹುತ್ತರಿಗೆ ಗುಂಡು, ಸಾವಿನ ಮನೆಯಲ್ಲಿ ಗುಂಡು, ಆನೆ ಓಡಿಸಲು ಗರ್ನಾಲು. ಅದಕ್ಕೇ ಮಾದಾಪುರದ ಕಡೆ ಬರೆ (ರಸ್ತೆ ಪಕ್ಕದ ಕಡಿದಾದ ಗುಡ್ಡ) ಒಡೆದು ರಸ್ತೆ ಅಗಲ ಮಾಡುವ ಕೆಲಸಕ್ಕೆ ಬ್ಲಾಸ್ಟಿಂಗ್ ಪ್ಲಾನ್, ಅಂದರೆ ಮದ್ದಿಟ್ಟು ಬಂಡೆ ಸಿಡಿಸುವ ಯೋಜನೆ ಬರೆಯುವಾಗ, ಎಚ್ಚರಿಕೆಗೆ ಮೊದಲೊಂದು ಸಣ್ಣ ಶಾಟ್ (ಸ್ಫೋಟ) ಹೊಡೆಯುವ ಪದ್ಧತಿಯನ್ನು ನಾನು ತೆಗೆದೇಬಿಟ್ಟೆ. ಸೈರನ್ ಮಾತ್ರ. ಅದೂ ಕಾಫಿ ತೋಟದ ಮರಗಳ ನಡುವೆ, ಮಂಜಿನಲ್ಲಿ ದೂರ ಹೋಗುವುದಿಲ್ಲ, ಹಾಗಾಗಿ ಕಾವಲುಗಾರರನ್ನೇ ನಂಬಬೇಕು.

ಗಣಿಗಳಲ್ಲಿ ಅಪಾಯ ವಲಯ 500 ಮೀಟರ್. ನಾನೂ ಅದನ್ನೇ ಹಿಡಿದೆ. ಬಯಲುಸೀಮೆಯಲ್ಲಿ ರಸ್ತೆಯ ಎರಡೂ ಕಡೆ ಕೆಂಪು ಬಾವುಟ ಹಿಡಿಸಿದರೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ತೋಟದೊಳಗಿಂದ ಎಷ್ಟು ಕಾಲುದಾರಿ ಬಂದು ರಸ್ತೆಗೆ ಸೇರುತ್ತವೆ ಎಂಬುದು ಸರ್ವೆ ನಕ್ಷೆಯಲ್ಲಿ ಇರುವುದಿಲ್ಲ, ಆಳುಗಳ ಲೆಕ್ಕ ನೋಡುವ ತೋಟದ ರೈಟರ್‌ಗೆ ಗೊತ್ತಿರುತ್ತದೆ. ಅವರ ಜೊತೆ ನಡೆದು ಪ್ರತಿ ದಾರಿಗೂ ಒಬ್ಬ ಕಾವಲುಗಾರ, ಕೈಗೊಂದು ವಾಕಿಟಾಕಿ ಎಂದು ಬರೆದೆ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಯಾವ ಬ್ಲಾಕ್‌ನಲ್ಲಿ ಆಳುಗಳಿದ್ದಾರೆ ಎಂದು ಬೆಳಿಗ್ಗೆಯೇ ರೈಟರ್ ಫೋನ್ ಮಾಡಬೇಕು. ಎಲ್ಲ ಕಾವಲುಗಾರರೂ ‘ಖಾಲಿ’ ಅನ್ನುವ ತನಕ ಶಾಟ್ ಫೈರರ್ (ಮದ್ದು ಸಿಡಿಸುವವ) ಕೈ ಇಡುವಂತಿಲ್ಲ. ಒಬ್ಬ ಉತ್ತರ ಕೊಡದಿದ್ದರೂ ಕಾಯುವುದೇ. ಸುತ್ತಲಿನ ಮರಗಳಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ನೋಡುವುದೂ ಇದೇ ಸುತ್ತಾಟದಲ್ಲಿ. ಕಲ್ಲಿಗಿಂತ ಜೇನಿಗೆ ಹೆದರುವ ಡ್ರಿಲ್ಲರ್‌ಗಳು ನಮ್ಮಲ್ಲಿ ಬಹಳ, ಅದು ಸರಿಯೂ ಹೌದು.

ಮನೆಗಳ ಲೆಕ್ಕ ಬೇರೆ. ಸಾಮಾನ್ಯ ಮನೆಯ ಬಳಿ, ಕಂಪನದ ಆವರ್ತನ 8 ಹರ್ಟ್ಜ್‌ಗಿಂತ ಕಡಿಮೆ ಇದ್ದರೆ, ನೆಲ ಅದುರುವ ವೇಗ ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು ಎನ್ನುವುದು ಗಣಿ ಸುರಕ್ಷತಾ ಇಲಾಖೆಯ ಮಿತಿ. ಇಲ್ಲಿ ಮುಖ್ಯವಾಗುವುದು ಒಟ್ಟು ಮದ್ದಿಗಿಂತ ಒಂದೇ ಗಳಿಗೆಯಲ್ಲಿ ಸಿಡಿಯುವ ಮದ್ದು. 80 ಮೀಟರ್ ದೂರದ ಮನೆಗೆ ಒಂದು ಡಿಲೇಗೆ (ಒಂದೇ ಗಳಿಗೆಯಲ್ಲಿ ಸಿಡಿಯುವ ಪಾಲಿಗೆ) 4 ಕೆಜಿ ಸರಿಹೋಗಿದ್ದರೆ, 40 ಮೀಟರ್‌ಗೆ ಬಂದಾಗ ಅದು 2 ಕೆಜಿ ಅಲ್ಲ, 1 ಕೆಜಿ. ದೂರ ಅರ್ಧವಾದರೆ ಮದ್ದು ಕಾಲು ಭಾಗಕ್ಕೆ ಇಳಿಯಬೇಕು. ಮದ್ದು ತುಂಬಿದ ಕುಳಿಗಳು ಸಿಡಿಯುವ ಸಮಯದ ನಡುವೆ ಕನಿಷ್ಠ 8 ಮಿಲಿಸೆಕೆಂಡ್ ಅಂತರ ಇಟ್ಟರೆ ಪ್ರತಿ ಕುಳಿಯೂ ಬೇರೆ ಲೆಕ್ಕಕ್ಕೆ ಬರುತ್ತದೆ. ಇದಾದ ಮೇಲೂ ವೈಬ್ರೇಷನ್ ಮೀಟರನ್ನು ಮನೆಯ ಅಡಿಪಾಯದ ಪಕ್ಕ ಇಡಿಸುತ್ತೇನೆ. ಮೊದಲೇ ಇದ್ದ ಬಿರುಕುಗಳ ಫೋಟೋವನ್ನು ಮನೆಯವರ ಎದುರಲ್ಲೇ ತೆಗೆಸಿ ಸಹಿ ಹಾಕಿಸಿಕೊಳ್ಳುತ್ತೇನೆ.

ಇಲ್ಲಿನ ಬಂಡೆ ಮೋಸದ್ದು. ಮೇಲೆ ಕೆಂಪು ಮಣ್ಣು, ಒಳಗೆ ಗಟ್ಟಿ ಗುಂಡುಕಲ್ಲು, ನಡುವೆ ಕೊಳೆತ ಪದರ. ಆ ಪದರಕ್ಕೆ ಮದ್ದು ಸಿಕ್ಕರೆ ಕಲ್ಲು ಗುಂಡಿನಂತೆ ಹಾರುತ್ತದೆ. ಡ್ರಿಲ್ ರಾಡ್ ಸರ್ರನೆ ಇಳಿದ ಆಳವನ್ನು ಡ್ರಿಲ್ಲರ್ ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೇ ಬರೆಯಬೇಕು, ಆ ಜಾಗಕ್ಕೆ ಕಾರ್ಟ್ರಿಜ್ (ಮದ್ದಿನ ಕೊಳವೆ) ಬದಲು ಜಲ್ಲಿಪುಡಿ. ಮೇಲೆ ತಂತಿ ಬಲೆ, ಅದರ ಮೇಲೆ ಮರಳು ಚೀಲ.

ಮದ್ದನ್ನು ಸಿಡಿಸುವ ವಿದ್ಯುತ್ ಡೆಟೊನೇಟರ್‌ಗೆ 2025ರ ಏಪ್ರಿಲ್‌ನಿಂದ ದೇಶದಲ್ಲಿ ನಿಷೇಧವಿದೆ. ಹಾಗಂತ ನೋನೆಲ್ (ವಿದ್ಯುತ್ ಇಲ್ಲದೆ, ಸಣ್ಣ ಪ್ಲಾಸ್ಟಿಕ್ ಕೊಳವೆಯ ಮೂಲಕ ಸಿಡಿಸುವ ಡೆಟೊನೇಟರ್) ಇದ್ದರೆ ಸಿಡಿಲಿನ ಭಯವಿಲ್ಲ ಎನ್ನುವವರ ಮಾತು ಕೇಳಬೇಡಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ದಿನಗಳಲ್ಲಿ ಮಧ್ಯಾಹ್ನದ ನಂತರ ಮೋಡ ಕಟ್ಟುತ್ತದೆ, ಮದ್ದು ತುಂಬುವುದೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ತುಂಬುವಾಗಲೇ ಗುಡುಗಿದರೆ ಎಲ್ಲರೂ ಜಾಗ ಬಿಡುವುದು. ಮಳೆಗಾಲದಲ್ಲಿ ಬ್ಲಾಸ್ಟಿಂಗ್ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಿಗೆಯಲ್ಲೂ ಶಾಟ್ ಆದ ಮೇಲೆ ಬರೆಯ ತಲೆಯಲ್ಲಿ ಹೊಸ ಬಿರುಕು ಬಿದ್ದಿದೆಯೇ ಎಂದು ಮೊದಲು ಮೇಲೆ ಹತ್ತಿ ನೋಡುತ್ತೇವೆ, ಆಮೇಲೆ ಕೆಳಗೆ ಜೆಸಿಬಿ.

ತೋಟದ ಆಳುಗಳ ಲೈನ್ ಮನೆಗಳ ಹಿಂದಿದ್ದ ಬಂಡೆಗೆ ಮದ್ದೇ ಇಡಲಿಲ್ಲ. ಸುಣ್ಣದಂಥ ಬಿರಿಯುವ ಪುಡಿಯನ್ನು ನೀರಲ್ಲಿ ಕಲಸಿ ಕುಳಿಗೆ ಸುರಿದೆವು. ಕಂಟ್ರಾಕ್ಟರ್ ಖರ್ಚು ನೋಡಿ ಗೊಣಗಿದರು. ಸದ್ದಿಲ್ಲದೆ ಒಡೆಯುತ್ತದೆ ನಿಜ, ಆದರೆ ಬಿಸಿಲೇರಿದಾಗ ಆ ಪುಡಿ ಕುಳಿಯಿಂದ ಚಿಮ್ಮಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸಂಜೆ ಸುರಿದು, ಮೇಲೆ ಒದ್ದೆ ಗೋಣಿ ಮುಚ್ಚಿ, ಬೆಳಗಿನ ತನಕ ಅಲ್ಲೊಬ್ಬ ವಾಚ್‌ಮನ್ ಇದ್ದ, ಲೈನಿನ ಮಕ್ಕಳು ಇಣುಕದಂತೆ.