ಸರಗೂರಿನ ಮಕ್ಕಳನ್ನು ವಿಡಿಯೊ ಕರೆಯಲ್ಲಿ ನೋಡುವಾಗ

ಮೈಸೂರಿನಲ್ಲಿ ಕುಳಿತು ಹೆಗ್ಗಡದೇವನಕೋಟೆ, ಸರಗೂರು ಕಡೆಯ ಮಕ್ಕಳನ್ನು ವಿಡಿಯೊ ಕರೆಯಲ್ಲಿ ನೋಡುವ ಮಕ್ಕಳ ತಜ್ಞೆ ನಾನು. ಈ ಸೀಮೆಗೆ ಟೆಲಿಮೆಡಿಸಿನ್ ತೀರಾ ಹೊಸದೇನೂ ಅಲ್ಲ. 2002ರ ಹೊತ್ತಿಗೇ ಇಸ್ರೊ ಉಪಗ್ರಹದ ಮೂಲಕ ಸರಗೂರಿನ ಆಸ್ಪತ್ರೆಯೊಂದನ್ನು ಬೆಂಗಳೂರಿನ ಹೃದ್ರೋಗ ತಜ್ಞರೊಂದಿಗೆ ಜೋಡಿಸಿತ್ತು. ಈಗ ಸರ್ಕಾರದ ದೂರ-ವೈದ್ಯಸಲಹೆ ಸೇವೆಯಾದ ಇ-ಸಂಜೀವಿನಿಯಲ್ಲಿ ಊರಿನ ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯೇ ತಾಯಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಕರೆ ಮಾಡುತ್ತಾರೆ. ಆ ತುದಿಯಲ್ಲಿರುವವರಿಗೆ ಏನನ್ನು ನೋಡಬೇಕೆಂಬುದು ಗೊತ್ತಿದ್ದರೆ ಮಾತ್ರ ಈ ತುದಿಯಲ್ಲಿರುವ ತಜ್ಞೆಯಿಂದ ಪ್ರಯೋಜನವೆಂದು ನಾನು ದೃಢವಾಗಿ ನಂಬಿದ್ದೇನೆ.

ಕೆಮ್ಮು, ಜ್ವರದ ಮಗು ಬಂದಾಗ ನಾನು ಮೊದಲು ಮಾತನಾಡುವುದೇ ಇಲ್ಲ. ಫೋನಿನಲ್ಲಿ ಅಪರಿಚಿತ ಮುಖ ಕಂಡೊಡನೆ ಮಗು ಅಳತೊಡಗುತ್ತದೆ, ಅಳುವ ಮಗುವಿನ ಉಸಿರನ್ನು ಎಣಿಸುವಂತಿಲ್ಲ. ತಾಯಿಯ ಮಡಿಲಿನಲ್ಲಿ ಮಗು ಸಮಾಧಾನವಾದ ಮೇಲೆ ಅಂಗಿಯನ್ನು ಎದೆಯವರೆಗೆ ಎತ್ತಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಕೂರಿಸಿ, ಪೂರ್ತಿ ಒಂದು ನಿಮಿಷ ಆರೋಗ್ಯಾಧಿಕಾರಿಯೂ ನಾನೂ ಬೇರೆಬೇರೆಯಾಗಿ ಎಣಿಸುತ್ತೇವೆ. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಬಂದರೆ ನ್ಯುಮೋನಿಯಾ ಎಂದು ಶಂಕಿಸಬೇಕು. ವಿಡಿಯೊ ತಡೆತಡೆದು ಬರುವ ದಿನ ನನ್ನ ಎಣಿಕೆಯನ್ನು ಬದಿಗಿಟ್ಟು ಅವರ ಎಣಿಕೆಯನ್ನೇ ಒಪ್ಪುತ್ತೇನೆ.

"ಡಾಕ್ಟ್ರಮ್ಮ, ಬೆಳಿಗ್ಗೆಯಿಂದ ಹಾಲೇ ಮುಟ್ಟಿಲ್ಲ" ಎಂದು ತಾಯಿ ಹೇಳಿದರೆ ಉಳಿದ ಪ್ರಶ್ನೆಗಳನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಹಾಲು ಕುಡಿಯಲಾರದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದಿದ್ದರೂ ಮಗುವನ್ನು ಪರದೆಯ ಮೇಲೆ ನೋಡುತ್ತ ಕೂರುವುದು ತಪ್ಪು. ಕೊಡಬೇಕಾದ ಔಷಧಿಯ ಮೊದಲ ಡೋಸ್ ಅಲ್ಲಿಯೇ ಕೊಡಿಸಿ, 108 ಕರೆಸಿ, ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ನಾನೇ ಫೋನ್ ಮಾಡಿ ತಿಳಿಸುತ್ತೇನೆ. ಎರಡು ತಿಂಗಳೊಳಗಿನ ಕೂಸಿನ ವಿಷಯದಲ್ಲಂತೂ ಸಣ್ಣ ಅನುಮಾನವಿದ್ದರೂ ಕಳುಹಿಸಿಬಿಡಿ ಎನ್ನುತ್ತೇನೆ.

ಭೇದಿಯ ಮಕ್ಕಳಲ್ಲಿ ಹೆಚ್ಚಿನವರು ಓಆರ್‌ಎಸ್ ಮತ್ತು ಜಿಂಕ್‌ನಿಂದ ಊರಿನಲ್ಲೇ ಗುಣವಾಗುತ್ತಾರೆ. ಭೇದಿ ನಿಂತೊಡನೆ ಮನೆಯವರು ಜಿಂಕ್ ನಿಲ್ಲಿಸಿಬಿಡುತ್ತಾರಾದ್ದರಿಂದ, 14 ದಿನವೂ ಕೊಡಬೇಕೆಂಬುದನ್ನು ತಾಯಿಗಷ್ಟೇ ಹೇಳದೆ ಅಜ್ಜಿಯನ್ನೂ ಕರೆಸಿ ಹೇಳುತ್ತೇನೆ. ಮರುಭೇಟಿಗೆ ಮಾತ್ರ ಈ ಕರೆಗಳು ನಿಜಕ್ಕೂ ವರದಾನ: ಮೂರ್ಛೆರೋಗದ ಔಷಧಿಯ ಪ್ರಮಾಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ಹೊಂದಿಸಲು ಕೂಲಿ ಬಿಟ್ಟು ಮೈಸೂರಿಗೆ ಬರಬೇಕಿದ್ದ ತಂದೆ, ಈಗ ಉಪಕೇಂದ್ರದ ತಕ್ಕಡಿಯಲ್ಲಿ ಮಗುವನ್ನು ತೂಗಿಸಿ ಅಲ್ಲಿಂದಲೇ ಮಾತನಾಡಿ ಕೆಲಸಕ್ಕೆ ಹೋಗುತ್ತಾನೆ.