ಅಪ್‌ಡೇಟ್ ಆದ ಮೇಲೆ ಕಾರಿನ ಪವರ್ ಎಷ್ಟು ಹೆಚ್ಚಾಯ್ತು? ನಾನು ಅಳೆದದ್ದು ಹೀಗೆ

ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿಕೊಂಡು ಬಂದ ದಿನ ಯಾವ ಎಲೆಕ್ಟ್ರಿಕ್ ಕಾರಾದರೂ ಜಾಸ್ತಿ ಓಡುತ್ತದೆ. ಕಾಲು ನಮಗೆ ಗೊತ್ತಿಲ್ಲದೆ ಜೋರಾಗಿ ಒತ್ತುತ್ತದೆ, ಬೆನ್ನು ಸೀಟಿಗೆ ಅಂಟುತ್ತದೆ, ಮನೆಗೆ ಬಂದು "ಏನ್ ಪಿಕಪ್ ಐತಿ!" ಅನ್ನುತ್ತೇವೆ. ಆದರೆ ಬೆನ್ನನ್ನು ನಂಬಿ ಕಿಲೋವಾಟ್ ಹೇಳೋಕಾಗಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಅಲ್ಲಿ ಒಂದು ಕಟ್ಟುಪಾಡು. ಮಾಲು ಅಳೆಯುವ ಮೊದಲು ಗೇಜ್ ಎಷ್ಟು ಹೊಯ್ದಾಡುತ್ತದೆ ಅಂತ ನೋಡಬೇಕು. ಒಂದೇ ಪೀಸನ್ನು ಮತ್ತೆ ಮತ್ತೆ ಅಳೆದಾಗ ಅಂಕಿ ಎಷ್ಟು ಬದಲಾಗುತ್ತದೋ, ಅದಕ್ಕಿಂತ ಸಣ್ಣ ವ್ಯತ್ಯಾಸದ ಬಗ್ಗೆ ಮಾತಾಡುವ ಹಾಗಿಲ್ಲ. ಕಾರಿಗೂ ಇದೇ ನಿಯಮ ಹಾಕಿದೆ. ಕಂಪನಿಯಿಂದ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆ, ಸ್ಪೋರ್ಟ್ ಮೋಡ್‌ನಲ್ಲಿ ಪವರ್ ಜಾಸ್ತಿ ಆಗುತ್ತದೆ ಅಂತ ಸರ್ವೀಸ್ ಸೆಂಟರ್‌ನವರು ಮೊದಲೇ ಹೇಳಿದ್ದರು. ಹಾಗಾಗಿ ಹಾಕಿಸುವ ಮುಂಚೆಯೇ ಅಳೆಯಲು ಶುರು ಮಾಡಿದೆ. ಕಾರಿನ ಹೆಸರು ಬೇಡ, ಹೇಳಿದರೆ ಮಾತು ಬ್ರ್ಯಾಂಡ್ ಜಗಳಕ್ಕೆ ಹೋಗುತ್ತದೆ. ಮುಂದಿನ ಚಕ್ರ ಎಳೆಯುವ ಐದು ಸೀಟಿನ ಎಲೆಕ್ಟ್ರಿಕ್ ಗಾಡಿ, ಅಷ್ಟು ಸಾಕು.

ಸಾಫ್ಟ್‌ವೇರ್‌ನಿಂದ ಪವರ್ ಬರೋದು ಸುಳ್ಳಲ್ಲ. 2019ರ ಕೊನೆಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಮಾಡೆಲ್ 3 ಕಾರಿನ ಎರಡು ಮೋಟಾರ್ ಮಾದರಿಗೆ 2000 ಡಾಲರಿಗೆ ಇಂಥದ್ದನ್ನು ಮಾರಲು ಶುರು ಮಾಡಿತು. ಗಂಟೆಗೆ 0ಯಿಂದ 60 ಮೈಲಿ 4.4 ಸೆಕೆಂಡ್ ಇದ್ದದ್ದು 3.9 ಆಗುತ್ತದೆ ಅಂತ ಅವರ ಲೆಕ್ಕ. ಒಂದು ನಟ್ಟೂ ಬದಲಾಗಲಿಲ್ಲ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದುವ ಹಾಗೆ ಬದಲಿಸಿ ಕೊಡುವ ಇನ್ವರ್ಟರ್ ಎಷ್ಟು ಕರೆಂಟ್ ಬಿಡಬೇಕು ಅನ್ನುವ ಮಿತಿ ಸಾಫ್ಟ್‌ವೇರ್ ಕೈಯಲ್ಲೇ ಇರುತ್ತದೆ. ಆದರೆ 60 ಮೈಲಿ ಅಂದರೆ 96.6 ಕಿಲೋಮೀಟರ್, ನಮ್ಮ 100 ಅಲ್ಲ. ಅಮೆರಿಕದ ಕೆಲವು ಅಂಕಿಗಳಲ್ಲಿ ಕಾರು ಹೊರಟ ಮೊದಲ ಒಂದು ಅಡಿಯ ಸಮಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಷ್ಟರಲ್ಲೇ ಸೆಕೆಂಡಿನ ಮೂರರಲ್ಲೊಂದು ಭಾಗ ಹೋಗಿರುತ್ತದೆ. ಹಾಗಾಗಿ ಅವರ ಅಂಕಿ, ನಮ್ಮ ಅಂಕಿ ಪಕ್ಕಪಕ್ಕ ಇಟ್ಟು ನೋಡಬಾರದು.

ಜಾಗ ಹುಡುಕುವುದೇ ದೊಡ್ಡ ಕೆಲಸ. ಹೈವೇ ಮೇಲೆ ಇದನ್ನು ಮಾಡಬೇಡಿ. ಗೋಕಾಕ ಕಡೆ ಪರಿಚಯದವರ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಒಳಗಿನ ಲಾರಿ ರಸ್ತೆ ಖಾಲಿ. ಸುಮಾರು ಅರ್ಧ ಕಿಲೋಮೀಟರ್ ನೇರ ಕಾಂಕ್ರೀಟ್. ಮಾಲೀಕರ ಒಪ್ಪಿಗೆ ತೆಗೆದುಕೊಂಡು, ಎರಡೂ ತುದಿಗೆ ಜನ ನಿಲ್ಲಿಸಿದೆವು. ಗೇಟಿನ ಕಾವಲುಗಾರರು ಒಂದು ಮಾತು ಹೇಳಿದರು: "ಸಾಹೇಬ್ರ, ಈ ಗಾಡಿ ಆವಾಜನ ಮಾಡಂಗಿಲ್ಲ. ಹಿಂದಿಂದ ಬಂದ್ರ ನಮಗ ಹೆಂಗ ಗೊತ್ತಾಗ್ಬೇಕ್ರಿ?" ಸರಿಯಾದ ಮಾತು. ಆಮೇಲೆ ಪ್ರತಿ ಓಟಕ್ಕೂ ಮೊದಲು ಸೀಟಿ ಊದಿಸಿದೆವು.

ಕಾರ್ಖಾನೆಯಲ್ಲಿ ಇನ್ನೊಂದು ಲಾಭ, ಕಬ್ಬು ತೂಗುವ ಕಾಟಾ. ಪವರ್ ಲೆಕ್ಕಕ್ಕೆ ತೂಕ ಬೇಕೇ ಬೇಕು. ಕಂಪನಿ ಪುಸ್ತಕದಲ್ಲಿರೋದು ಖಾಲಿ ಗಾಡಿಯ ತೂಕ. ನಾನು ಮತ್ತು ತಂಗಿಯ ಮಗ ಒಳಗೆ ಕೂತು ತೂಗಿಸಿದಾಗ 1640 ಕಿಲೋ ಬಂತು. ಲಾರಿ ಕಾಟಾದಲ್ಲಿ ಹತ್ತಿಪ್ಪತ್ತು ಕಿಲೋ ಹಿಂದೆ ಮುಂದೆ ಇರಬಹುದು, ನಮಗೆ ಅಷ್ಟು ಸಾಕು. ಚಕ್ರ, ಮೋಟಾರಿನ ರೋಟರ್ ತಿರುಗಿಸೋಕೂ ಶಕ್ತಿ ಬೇಕಲ್ವಾ? ಅದಕ್ಕೆ ಸುಮಾರು ನೂರಕ್ಕೆ ನಾಲ್ಕು ಸೇರಿಸಿ 1700 ಅಂತ ಹಿಡಿದೆ.

ಹುಡುಗ ವಿಟಿಯು ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಓದುತ್ತಾನೆ. ಬಂದ ಕೂಡಲೇ ಫೋನ್ ತೆಗೆದು "ಮಾಮಾ, ಆ್ಯಪ್ ಐತಿ, ಎಲ್ಲಾ ಅದ ತೋರಸ್ತೈತಿ" ಅಂದ. ತೋರಿಸುತ್ತದೆ, ಅದರಲ್ಲೇನೂ ಸಂಶಯವಿಲ್ಲ. ಸಾಮಾನ್ಯ ಫೋನಿನ ಜಿಪಿಎಸ್ ಸೆಕೆಂಡಿಗೆ ಒಂದು ಸಲ ಅಂಕಿ ಕೊಡುತ್ತದೆ. ಆ ಒಂದು ಸೆಕೆಂಡಿನಲ್ಲಿ ಕಾರಿನ ವೇಗ ಹತ್ತು ಕಿಲೋಮೀಟರ್ ಏರಿರುತ್ತದೆ. ಫೋನಿನೊಳಗೆ ವೇಗದ ಏರಿಳಿತ ಅಳೆಯುವ ಆಕ್ಸಿಲರೋಮೀಟರ್ ಚುರುಕು, ಆದರೆ ಅದಕ್ಕೆ ಬೇರೆ ರೋಗ. ಜೋರಾಗಿ ಹೊರಟಾಗ ಕಾರಿನ ಮೂತಿ ಮೇಲೇಳುತ್ತದೆ. ಒಂದೇ ಡಿಗ್ರಿ ವಾಲಿದರೂ ಭೂಮಿಯ ಎಳೆತದಿಂದ 0.17 ಮೀಟರ್/ಸೆಕೆಂಡ್² ಸುಳ್ಳು ವೇಗೋತ್ಕರ್ಷ ಸೇರಿಕೊಳ್ಳುತ್ತದೆ. ನಿಜವಾದದ್ದು 3 ಇದ್ದರೆ ಇದೇ ನೂರಕ್ಕೆ ಐದಾರು ಆಯ್ತು. ಕಾರಿನ ಸ್ಪೀಡೋಮೀಟರಂತೂ ಬೇಕೆಂದೇ ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಮಾಡಿರುತ್ತಾರೆ. ಸೆಕೆಂಡಿಗೆ ಹತ್ತು ಸಲ ಅಳೆಯುವ ಪ್ರತ್ಯೇಕ ಜಿಪಿಎಸ್ ಡಬ್ಬಿ ಕೊಂಡೆವು. ಜೊತೆಗೆ ಒಬಿಡಿ ಪೋರ್ಟಿಗೆ, ಅಂದರೆ ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿಗೆ, ಸಿಗಿಸುವ ಒಂದು ಸಣ್ಣ ಡಾಂಗಲ್. ನನ್ನ ಕಾರಿನಲ್ಲಿ ಅದು ಬ್ಯಾಟರಿಯ ವೋಲ್ಟೇಜ್, ಕರೆಂಟ್ ಎರಡೂ ಓದುತ್ತದೆ.

0ಯಿಂದ 100 ಕಿಲೋಮೀಟರ್ ವೇಗಕ್ಕೆ ಏರುವ ಹೊತ್ತನ್ನು ನಾನು ಅಳೆಯಲೇ ಇಲ್ಲ. ಅದರ ಮೊದಲರ್ಧ ಮೋಟಾರಿನ ಪರೀಕ್ಷೆಯಲ್ಲ, ಟೈರಿನದು. ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಮುಂದಿನ ಚಕ್ರದ ಗಾಡಿಯಲ್ಲಿ ಟೈರ್ ಜಾರುತ್ತದೆ, ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಅಡ್ಡ ಬರುತ್ತದೆ. ಒಂದು ವೇಗ ದಾಟಿದ ಮೇಲೆ ಟಾರ್ಕ್ ಇಳಿಯುತ್ತದೆ, ಪವರ್ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಅದು 50ರ ಆಸುಪಾಸು. ಪವರ್ ಹೆಚ್ಚಾಗಿದ್ದರೆ ಕಾಣಬೇಕಾದ್ದು ಆಮೇಲೆಯೇ. ಅದಕ್ಕೇ 60ರಿಂದ 80ಕ್ಕೆ ಏರಲು ಹಿಡಿಯುವ ಹೊತ್ತು ಅಳೆಯೋಣ ಅಂದುಕೊಂಡೆ. ಓವರ್‌ಟೇಕ್ ಮಾಡುವಾಗ ನಮಗೆ ಬೇಕಾಗೋದೂ ಅದೇ.

ಅಪ್‌ಡೇಟಿಗೆ ಮುಂಚೆ, ಚಾರ್ಜ್ 80 ಪರ್ಸೆಂಟ್ ಹತ್ತಿರ ಇದ್ದಾಗ, ಸ್ಪೋರ್ಟ್ ಮೋಡ್‌ನಲ್ಲಿ ಗೇಟಿನಿಂದ ಹೊಳೆ ಕಡೆಗೆ 2.12 ಸೆಕೆಂಡ್, ವಾಪಸ್ ಬರುವಾಗ 2.20. ರಸ್ತೆ ಕಣ್ಣಿಗೆ ಸಪಾಟು. ಆದರೆ ಮಳೆನೀರು ಹರಿಯಲಿ ಅಂತ ಅರ್ಧ ಪರ್ಸೆಂಟ್ ಇಳಿಜಾರು ಕೊಟ್ಟಿದ್ದರು. ಅಷ್ಟಕ್ಕೇ ಎರಡು ದಿಕ್ಕಿನ ನಡುವೆ ಸುಮಾರು 3 ಕಿಲೋವಾಟ್ ವ್ಯತ್ಯಾಸ! ಒಂದೇ ದಿಕ್ಕಿನಲ್ಲಿ ಓಡಿಸಿ ಹಾಕುವ ವಿಡಿಯೋಗಳನ್ನು ನಾನು ಈಗ ನಂಬೋದಿಲ್ಲ. ಹೋಗಿ ಬಂದ ಸರಾಸರಿ ಒಂದು ಅಳತೆ, ಬರೀ ಹೋಗಿದ್ದು ಅಳತೆಯೇ ಅಲ್ಲ. ನಮ್ಮ ಕಡೆ ಗಾಳಿಯೂ ಜೋರು. ಅದಕ್ಕೆ ಬೆಳಗಿನ ಜಾವ ಗಾಳಿ ಏಳುವ ಮುಂಚೆ ಓಟ ಮುಗಿಸುತ್ತಿದ್ದೆವು. ಬಿಸಿಲೇರುವ ಮೊದಲು ಬ್ಯಾಟರಿಯೂ ತಣ್ಣಗಿರುತ್ತದೆ. ಟೈರ್ ಗಾಳಿ ಪ್ರತಿ ಸಲ ಒಂದೇ.

ಸರಾಸರಿ 2.16. ಲೆಕ್ಕ ಸರಳ. 60 ಅಂದರೆ ಸೆಕೆಂಡಿಗೆ 16.67 ಮೀಟರ್, 80 ಅಂದರೆ 22.22. ಎರಡರ ವರ್ಗಗಳ ವ್ಯತ್ಯಾಸ 216. ಅದನ್ನು ತೂಕದ ಅರ್ಧಕ್ಕೆ, ಅಂದರೆ 850ಕ್ಕೆ ಗುಣಿಸಿದರೆ ಸುಮಾರು 184 ಕಿಲೋಜೂಲ್. 2.16ರಿಂದ ಭಾಗಿಸಿದರೆ 85 ಕಿಲೋವಾಟ್. ಗಾಳಿ ತಳ್ಳಲು, ಟೈರ್ ಉರುಳಲು ಹೋಗುವ ಸುಮಾರು 7 ಸೇರಿಸಿ, ಚಕ್ರದಲ್ಲಿ 92. ಆ 7 ಸಿಕ್ಕಿದ್ದು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು ವೇಗ ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ನೋಡಿ. ಅದೇ ಹೊತ್ತಿಗೆ ಡಾಂಗಲ್ ಬ್ಯಾಟರಿಯಿಂದ 107 ಹೊರಡುತ್ತಿದೆ ಅನ್ನುತ್ತಿತ್ತು. ಇನ್ವರ್ಟರ್, ಮೋಟಾರ್, ಗೇರಿನಲ್ಲಿ ಉಳಿದದ್ದು ಬಿಸಿಯಾಗಿ ಹೋಯ್ತು. ಎರಡು ಬೇರೆ ದಾರಿಯ ಅಳತೆ ಒಂದಕ್ಕೊಂದು ಹೊಂದಿದಾಗ ಸಮಾಧಾನ.

ಮುಖ್ಯ ತೊಡಕು ಬೇರೆ ಇತ್ತು. ಅಪ್‌ಡೇಟ್ ಒಮ್ಮೆ ಹೋದರೆ ಹಿಂದಕ್ಕೆ ಬರೋದಿಲ್ಲ. ಹಳೆಯದನ್ನು ಮತ್ತೆ ಹಾಕಿ ಹೋಲಿಸೋಕಾಗಲ್ಲ. ನಡುವೆ ಹವಾಮಾನ ಬದಲಾಗಿರುತ್ತದೆ, ಟೈರ್ ಸವೆದಿರುತ್ತದೆ. ವ್ಯತ್ಯಾಸ ಅಪ್‌ಡೇಟಿನದೋ ಹವೆಯದೋ? ಇದಕ್ಕೆ ಸಿಟಿ ಮೋಡನ್ನು ಸಾಕ್ಷಿ ಮಾಡಿದೆ. ಅಪ್‌ಡೇಟ್ ಅದನ್ನು ಮುಟ್ಟೋದಿಲ್ಲ ಅಂತ ಸರ್ವೀಸ್‌ನವರು ಖಚಿತವಾಗಿ ಹೇಳಿದ್ದರು. ಹಾಗಾಗಿ ಪ್ರತಿ ಸಲ ಸ್ಪೋರ್ಟ್ ಜೊತೆ ಸಿಟಿಯಲ್ಲೂ ಓಡಿಸಿದೆ. ಸಿಟಿ ಅಂಕಿ ಕದಲಿದರೆ ಆ ದಿನದ ಲೆಕ್ಕವೇ ಬೇಡ.

ಅಪ್‌ಡೇಟ್ ಆದ ಮೇಲೆ ಸಿಟಿ ಮೊದಲಿನ ಹಾಗೇ 2.9. ಸ್ಪೋರ್ಟ್ 1.97. ಅಂದರೆ ಚಕ್ರದಲ್ಲಿ ಸುಮಾರು 100 ಕಿಲೋವಾಟ್, ಬ್ಯಾಟರಿಯಿಂದ 116. ಎಂಟು ಕಿಲೋವಾಟ್ ನಿಜವಾಗಿ ಬಂದಿದೆ. 0-40 ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಟೈರ್ ಹಿಡಿತ ಅಷ್ಟೇ ಇದೆಯಲ್ಲ, ಅದು ಬದಲಾಗೋದಾದರೂ ಹೇಗೆ?

ಗೆಳೆಯರೊಬ್ಬರು ತಮ್ಮ ಕಾರಿಗೆ ಹಾಕಿಸಿದ್ದ ಪೆಡಲ್ ಡಬ್ಬಿಯನ್ನೂ ಇದೇ ರಸ್ತೆಗೆ ತಂದಿದ್ದರು. ಇದರಲ್ಲಿ ಒಂದು ಸುಖ, ಆನ್-ಆಫ್ ಮಾಡಬಹುದು. ಆನ್, ಆಫ್, ಮತ್ತೆ ಆನ್, ಹೀಗೆ ಓಡಿಸಿದೆವು. ಪೂರ್ತಿ ಕಾಲು ಒತ್ತಿದಾಗ ವ್ಯತ್ಯಾಸ ಓಟದಿಂದ ಓಟಕ್ಕೆ ಬರುವ ಹೊಯ್ದಾಟದೊಳಗೇ ಇತ್ತು. ಆ ಡಬ್ಬಿ ಅರ್ಧ ಒತ್ತಿದ್ದನ್ನು ಮುಕ್ಕಾಲು ಒತ್ತಿದ ಹಾಗೆ ಕಾರಿಗೆ ಹೇಳುತ್ತದೆ, ಅಷ್ಟೇ. ಗೆಳೆಯರಿಗೆ ಈ ಫಲಿತಾಂಶ ಇಷ್ಟವಾಗಲಿಲ್ಲ. ಈಗಲೂ ಅವರ ಕಾರಿನಲ್ಲಿ ಡಬ್ಬಿ ಇದೆ, "ಓಡಿಸೋಕೆ ಮಜಾ ಬರ್ತದ ಬಿಡ್ರಿ" ಅನ್ನುತ್ತಾರೆ. ಇರಲಿ.

ಹೊರಗಿನವರಿಂದ ಇನ್ವರ್ಟರ್ ಸಾಫ್ಟ್‌ವೇರ್ ತಿದ್ದಿಸುವುದು ಬೇರೆ ಮಾತು. ವಾರಂಟಿಗೆ ಕುತ್ತು, ಜೊತೆಗೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ನಾನು ಆ ದಾರಿಗೆ ಹೋಗಲಿಲ್ಲ.

ಡೈನೋ, ಅಂದರೆ ನಿಂತಲ್ಲೇ ಚಕ್ರ ತಿರುಗಿಸಿ ಪವರ್ ಅಳೆಯುವ ಯಂತ್ರದ ಮೇಲೆ ಕಾರು ಹಾಕಿಸುವವರಿಗೆ ಒಂದು ಮಾತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಗಾಳಿ ತೆಳು. ಪೆಟ್ರೋಲ್ ಎಂಜಿನ್ ಇಲ್ಲಿ ಪವರ್ ಕಳೆದುಕೊಳ್ಳುತ್ತದೆ, ಅದಕ್ಕೆ ಡೈನೋ ಸಾಫ್ಟ್‌ವೇರ್ ನೂರಕ್ಕೆ ಏಳೆಂಟು ಸೇರಿಸಿ ಪ್ರಿಂಟ್ ಕೊಡುತ್ತದೆ. ಮೋಟಾರು ಗಾಳಿ ಉಸಿರಾಡೋದಿಲ್ಲ. ಆ ಕರೆಕ್ಷನ್ ಆಫ್ ಮಾಡಿಸದಿದ್ದರೆ ಇಲ್ಲದ ಏಳೆಂಟು ಕಿಲೋವಾಟ್ ಸುಮ್ನೆ ಕಾಗದದ ಮೇಲೆ ಬರುತ್ತದೆ. ನನ್ನ ಅಪ್‌ಡೇಟ್ ಕೊಟ್ಟದ್ದೂ ಅಷ್ಟೇ ಅಲ್ವಾ!

ಕೊನೆಗೆ ಚಾರ್ಜ್ ಕಡಿಮೆ ಇದ್ದಾಗಲೂ ಓಡಿಸಿ ನೋಡಿದೆ. 30 ಪರ್ಸೆಂಟಿನಲ್ಲಿ ಮೊದಲು 2.35 ಇತ್ತು, ಅಪ್‌ಡೇಟ್ ಆದ ಮೇಲೆ 2.33. ಚಾರ್ಜ್ ಇಳಿದಾಗ ಬ್ಯಾಟರಿ ವೋಲ್ಟೇಜ್ ಮೊದಲೇ ಕಡಿಮೆ. ಕಾಲು ಒತ್ತಿದ ಕೂಡಲೇ ಇನ್ನೂ ಇಪ್ಪತ್ತು ವೋಲ್ಟಿಗೂ ಜಾಸ್ತಿ ಕುಸಿಯುತ್ತದೆ. ಇನ್ವರ್ಟರ್ ಕೇಳಿದರೂ ಬ್ಯಾಟರಿ ಕೊಡೋದಿಲ್ಲ. ಅಂದರೆ 80ರಿಂದ 30ಕ್ಕೆ ಇಳಿದಾಗ ಕಳೆದುಕೊಳ್ಳುವುದು ಅಪ್‌ಡೇಟ್ ಕೊಟ್ಟದ್ದಕ್ಕಿಂತ ದೊಡ್ಡದು. ಪುಣೆಯಿಂದ ವಾಪಸ್ ಬರುವಾಗ ಕೊಲ್ಹಾಪುರದಲ್ಲಿ ಚಾರ್ಜ್ ಮಾಡದೆ ಬಂದರೆ, ನಿಪ್ಪಾಣಿ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಹಿಂದಿಕ್ಕುವಾಗ ನನ್ನ ಕೈಯಲ್ಲಿರೋದು ಹಳೆಯ ಕಾರೇ.